ಗಿರಣಿಯವನ ಕಿವಿ

ಕಾಳು ಕಾಳಿಗೂ ಕಲ್ಲಿನ ಮಾತು ಬ್ಯಾರೆ.
ಜ್ವಾಳ ಬಿದ್ದರ ಗುರುಗುಡತಿತ್ತು, ಮೇದು ಮಲಗಿದ ಎತ್ತಿನಂಗ.
ಸಜ್ಜಿಗೆ ತುಸು ಕೆಮ್ಮು.
ಕಡ್ಲಿ ಮಾತ್ರ ಜಗಳಗಂಟಿ.
ಕಣ್ಣು ಮುಚ್ಚಿ ಹೇಳತಿದ್ದೆ ನಾನು
ಇವತ್ತು ಯಾರ ಮನಿ ಹಂಚಿನ ಮ್ಯಾಲೆ ಏನು ಬೇಯತದ ಅಂತ.

ಇಪ್ಪತ್ತಾರು ವರ್ಷ ಆತು.
ದೇವದುರ್ಗದ ಈಚಿ ಮಗ್ಗುಲು, ಗುಡ್ಡದ ಬುಡಕ್ಕ,
ನಾಯಕರ ಓಣಿ ತುದಿಗೆ ತಗಡಿನ ಗಿರಣಿ.
ಕಾಲುವಿ ಬಂತು, ನೀರಿನ ಹಿಂದ ನೆಲ್ಲು ಬಂತು,
ರೇಷನ್ ಅಂಗಡಿಯಿಂದ ಅಕ್ಕಿ ಬಂತು.
ಬ್ಯಾಡ ಅನ್ನಾಕ ನಾನ್ಯಾವ ದೊರಿ?
ಹಸದ ವರ್ಷಗಳು ನನಗೂ ನೆನಪದಾವ.
ಆದರ ಅಕ್ಕಿಗೆ ಗಿರಣಿ ಬೇಕಿಲ್ಲ ನೋಡ್ರಿ,
ನೀರು ಕುದ್ದರ ಸಾಕು.
ಪಟ್ಟಾ ಸಡ್ಲಾತು. ಕಲ್ಲು ಸುಮ್ಮಾತು.
ಈಗ ಬೀಸೂದು ಬ್ಯಾಸಗಿ ಎರಡು ತಿಂಗಳು, ಬರೇ ಮೆಣಸಿನಕಾಯಿ.

ಉಳಿದ ಹತ್ತು ತಿಂಗಳು ಹೊಟ್ಟಿ ಸುಮ್ಮನಿದ್ದೀತೇನು?
ಬಾಗಲಿಗೆ ಸರ ಕಟ್ಟಿದೆ,
ಐದು ರೂಪಾಯಿ ಪಾಕೀಟು, ಹಸರು, ಕೆಂಪು, ನೀಲಿ,
ಗಾಳಿಗೆ ಚರಚರ ಅಂತಾವ.
ನನ್ನ ಮಗ ಯಂಕೋಬ ಆ ಸರದ ಕೆಳಗ ಬೆಳದ.
ಮಾರಿದಾಂವ ನಾನು. ಈ ಮಾತು ಮೊದಲ ಹೇಳಿಬಿಡತೀನಿ.

ಪೊಲೀಸ್ ಭರ್ತಿಗೆ ರಾಯಚೂರಿಗೆ ಹೋದ ಹತ್ತೊಂಬತ್ತರ ಹುಡುಗ
ಮೂರನೇ ಸುತ್ತಿಗೆ ಕುಂತುಬಿಟ್ಟನಂತ ಮೈದಾನದಾಗ.
ಬ್ಯಾಟಿ ಕುಲ ನಮ್ಮದು, ಮೊಲದ ಹಿಂದ ಓಡಿದ ಕಾಲು
ಅಂತ ಅಜ್ಜನ ಕಥಿ ಹೇಳಾಕ ಹೋದೆ.
"ಅಜ್ಜ ಏನು ತಿಂತಿದ್ದ?" ಅಂದ.
ಬಾಯಿ ಕಟ್ಟಿತು.
ನರ್ಸವ್ವ ಬೆರಳು ಚುಚ್ಚಿ ಚೀಟಿ ಬರದಳು: ರಕ್ತ ಒಂಬತ್ತು.
ಒಂಬತ್ತು ಅಂದರ ಎಷ್ಟು ಅಂತ ಕೇಳಿದೆ.
"ಕೊಡ ಮುಕ್ಕಾಲೂ ಇಲ್ಲ" ಅಂದಳು.

ಹೊಲಕ್ಕ ಬಾ ಅಂದರ ಬಿಸಲು ಅಂತಿದ್ದ,
ಮೈಗಳ್ಳ ಅಂದಿದ್ದೆ, ನಾಕು ಮಂದಿ ಮುಂದ.
ಕುಂಟಿ ಹಿಡದರ ಅವನ ಕಣ್ಣಿಗೆ ಕತ್ತಲಿ ಬರತಿತ್ತು,
ನನಗ ಈಗ ತಿಳೀತು.
ಇನ್ನೊಂದೂ ತಿಳೀತು:
ನಾವು ಸಣ್ಣವರಿದ್ದಾಗ ಹೊಲಕ್ಕ ಓಡಿದ್ದು ದುಡಿಯಾಕಲ್ಲ.
ಸೀತನಿ ಸುಡತಿದ್ದರು, ಹಸಿ ಕಡ್ಲಿ, ಬಳ್ಳ್ಯಾಗಿನ ಅಲಸಂದಿ,
ನಾಲಿಗಿ ಮುಂದ ಹೋಗತಿತ್ತು, ಕಾಲು ಹಿಂದ.
ನೆಲ್ಲಿನ ಗದ್ದಿ ಬದುವಿಗೆ ನಿಂತು ಏನು ತಿಂದಾನು ಹುಡುಗ?
ಎಣ್ಣಿ ಹೊಡದ ವಾಸನಿ.

"ನವಣಿ ನವಣಿ ಅಂತ ಹಾಡಬ್ಯಾಡ" ಅಂದಳು ಹೆಂಡತಿ ಅಯ್ಯಮ್ಮ,
"ಕುಟ್ಟಿದ ರಟ್ಟಿ ನಿನ್ನವಲ್ಲ.
ಬಸರಿದ್ದಾಗಲೂ ಒನಕಿ ಹಿಡದೀನಿ.
ಅಕ್ಕಿ ಬಂದ ದಿನ ನಾನು
ಹೊತ್ತು ಏರೋತನಕ ಮಲಗಿದ್ದೆ, ಗೊತ್ತೇನು?"
ಗೊತ್ತಿರಲಿಲ್ಲ.

ನಮ್ಮವ್ವ ಜಂಬಕ್ಕನ ಗಡಿಗ್ಯಾಗ
ಬೂದಿ ಕಲಸಿದ ನವಣಿ ಬೀಜ, ಒಂದು ಸೇರು.
ಯಂಕೋಬ ಮೊಬೈಲಿನಾಗ ಪ್ಯಾಟಿ ರೇಟು ನೋಡಿ
"ಇಷ್ಟಾ?" ಅಂತ ಕಣ್ಣು ಅಗಲಿಸಿದ.
ರುಚಿಗಲ್ಲ, ರೇಟಿಗೆ ಎದ್ದ. ಏಳಲಿ.
ಮಸಾರಿ ತುಂಡಿಗೆ ಅಜ್ಜಿ ಮಮ್ಮಗ ಹೋದರು.
ಆಕಿ ಕುಂತಲ್ಲಿಂದ ಬೈದಳು,
ಅವ ನಿಂತು ನಿಂತು ದಮ್ಮು ತಗೊಂಡು ಬಿತ್ತಿದ.
ಗುಬ್ಬಿ ತಿಂದು ಉಳಿದದ್ದು ಒಂದೂವರಿ ಚೀಲ.
ಮಾರಾಕ ಹಚ್ಚಿದರ ಬಸ್ಸಿನ ಖರ್ಚೂ ಹುಟ್ಟಲಿಲ್ಲ.

ನಿನ್ನಿ ಸಂಜಿಗೆ ಬೊಗಸಿ ತುಂಬ ತಂದ.
"ಹಾಕಪ್ಪ, ಇದರ ಸದ್ದು ಹೆಂಗಿರತದ ಕೇಳೋಣು."
ಅಂಗೈಯಾಗ ಬೊಬ್ಬಿ ಎದ್ದಿದ್ದವು,
ಒನಕಿ ಅವನೇ ಹಿಡದಿದ್ದ.
ಪಟ್ಟಾ ಏರಿಸಿದೆ. ಬಾಗಲಿನ ಸರ ಒಂದು ಕೈಲೆ ಹಿಡದು ಸುಮ್ಮನಿರಿಸಿದೆ.
ಕಿವಿ ಇಟ್ಟೆ.
ಬೊಗಸಿ ಕಾಳು, ಎರಡು ಉಸರಿನಾಗ ಮುಗದಹೋತು.
ಏನೂ ಗುರತು ಹತ್ತಲಿಲ್ಲ ನನಗ.
ಹಿಟ್ಟು ಕೆಂಪಗ ಬಿತ್ತು,
ಹೋದ ಬ್ಯಾಸಗಿ ಖಾರ ಕಲ್ಲಿನಾಗ ಇನ್ನಾ ಇತ್ತು.
ಅವ ಸೀನಿದ.
ನಾನೂ ಸೀನಿದೆ.